ಟವೆಲ್ಲಿನೊಳಗೆ ಎಷ್ಟು ಬೆರಳು?

ಅಜ್ಜಂಪುರದ ಆ ಈರುಳ್ಳಿ ಮಂಡಿಯಲ್ಲಿ ಅವತ್ತು ನಿಜವಾಗಿ ಏನು ನಡೆಯಿತೆಂದು ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ ಎಂಬ ಅನುಕೂಲವಾದ ಕಾರಣವೂ ನನಗಿಲ್ಲ. ಇದ್ದೆ. ನಡುಮಧ್ಯದಲ್ಲೇ ಇದ್ದೆ. ನಡೆದದ್ದೆಲ್ಲ ನಡೆದದ್ದು ನನ್ನ ಬಲಗೈಗೇ. ಆದರೆ ಆ ಕೈ ಒಂದು ಟವೆಲ್ಲಿನ ಕೆಳಗಿತ್ತು, ಕೈಯ ಒಡೆಯ ಹೆದರಿದ್ದ. ಹೆದರಿದವನ ನೆನಪನ್ನು ನಂಬಬಾರದು ಎಂದು ಹೇಳಲು ನನಗೆ ವಿಶೇಷ ಅಧಿಕಾರವಿದೆ, ಏಕೆಂದರೆ ನನ್ನ ಪಿಎಚ್‌ಡಿ ಹೆಚ್ಚುಕಡಿಮೆ ಅದೇ ವಿಷಯದ್ದು. ಜಾಹೀರಾತು ನೋಡಿದ ಗ್ರಾಹಕರು ತಾವು ನೋಡಿದ್ದನ್ನು ಎಷ್ಟು ಸರಿಯಾಗಿ ನೆನಪಿಟ್ಟುಕೊಳ್ಳುತ್ತಾರೆ ಎಂದು ತಿಳಿಯಲು ವರ್ಷಗಟ್ಟಲೆ ಮನೆಮನೆ ಅಲೆದು, ಪ್ರಶ್ನಾವಳಿ ತುಂಬಿಸಿ, ಕೊನೆಗೆ ದಪ್ಪ ರಟ್ಟಿನ ಪ್ರಬಂಧವೊಂದರಲ್ಲಿ 'ಇಟ್ಟುಕೊಳ್ಳುವುದಿಲ್ಲ' ಎಂದು ಬರೆದುಕೊಟ್ಟೆ. ಸೋಪಿನ ಜಾಹೀರಾತು ನೋಡಿದವರು ಹಲ್ಲುಪುಡಿ ಎನ್ನುತ್ತಿದ್ದರು. ಏನೂ ನೋಡದವರು ಅದರ ಹಾಡನ್ನೂ ಹಾಡಿ ತೋರಿಸುತ್ತಿದ್ದರು. ಅದಕ್ಕೆ ನನಗೆ ಡಾಕ್ಟರೇಟ್ ಸಿಕ್ಕಿತು. ಜೊತೆಗೆ, ನನ್ನ ನೆನಪನ್ನು ನಾನೇ ನಂಬದಿರುವ ಕಾಯಿಲೆಯೂ ಅಂಟಿಕೊಂಡಿತು. ಕಡೂರಿನ ಬಸ್‌ಸ್ಟ್ಯಾಂಡಿನವರೆಗೆ ಹೋದವನು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಓಡಿ ವಾಪಸು ಬರುತ್ತೇನೆ. ಬೀಗ ಭದ್ರವಾಗಿ ಹಾಕಿರುತ್ತದೆ. ಒಳಗಿನಿಂದ ಹೆಂಡತಿ, "ಏನ್ರೀ, ನನ್ನ ಕೂಡಿಹಾಕಿ ಎಲ್ಲಿಗೆ ಹೊರಟ್ರಿ?" ಎಂದು ಬಾಗಿಲು ಬಡಿಯುತ್ತಿರುತ್ತಾಳೆ.

ನಾನು ಪಾಠ ಮಾಡುವುದು ಒಂದು ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನಲ್ಲಿ. ಹೆಸರು ಬೇಡ. ಹೆಸರು ಹೇಳಿದರೆ ಅಲ್ಲಿಂದ ಯಾರಾದರೂ ಫೋನ್ ಮಾಡುತ್ತಾರೆ, ನನಗೆ ಫೋನ್ ಎಂದರೆ ಭಯ. ಅಲ್ಲಿ ನಾನು ಎಂಬಿಎ ಎರಡನೇ ವರ್ಷದವರಿಗೆ 'ವ್ಯವಹಾರದಲ್ಲಿ ಚೌಕಾಸಿಯ ಕಲೆ' ಎಂಬ ವಿಷಯ ಹೇಳಿಕೊಡುತ್ತೇನೆ. ತರಕಾರಿಯವಳು ಸೊಪ್ಪಿಗೆ ಹದಿನೈದು ಎಂದರೆ ಇಪ್ಪತ್ತು ಕೊಟ್ಟು ಚಿಲ್ಲರೆ ಕೇಳಲು ಹೆದರಿ ಬರುವವನು ನಾನು. ವಿದ್ಯಾರ್ಥಿಗಳು ಹಿಂದಿನಿಂದ ನನ್ನನ್ನು 'ಆಂಟೆನಾ ಸಾರ್' ಎಂದು ಕರೆಯುತ್ತಾರೆ. ಅದಕ್ಕೂ ಚೌಕಾಸಿಗೂ ಸಂಬಂಧವಿಲ್ಲ. ಹಿರೇನಲ್ಲೂರಿನ ಶಾಲೆಯ ಬಯಲಿನಲ್ಲಿ ಕ್ರಿಕೆಟ್ ಚೆಂಡು ಹಿಡಿಯಲು ಹೋಗಿ, ಚೆಂಡು ನನ್ನನ್ನು ಹಿಡಿದಿತ್ತು. ಅಂದಿನಿಂದ ಬಲಗೈಯ ಕಿರುಬೆರಳು ಮಡಚುವುದಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಉಳಿದ ಬೆರಳುಗಳೆಲ್ಲ ಚಾಕ್‌ಪೀಸ್ ಹಿಡಿದು ದುಡಿಯುತ್ತಿದ್ದರೆ ಅದೊಂದು ಮಾತ್ರ ನೆಟ್ಟಗೆ ನಿಂತು ಎಲ್ಲಿಂದಲೋ ಸಿಗ್ನಲ್ ಹುಡುಕುತ್ತಿರುತ್ತದೆ. ಆ ಹೆಸರಿಡುವ ಬುದ್ಧಿಯ ಅರ್ಧದಷ್ಟನ್ನು ಮಕ್ಕಳು ಪರೀಕ್ಷೆಯಲ್ಲಿ ತೋರಿಸಿದರೆ ಸಾಕಿತ್ತು.

ನಮ್ಮ ಸ್ಕೂಲಿನ ನಿರ್ದೇಶಕಿ, ನಾವೆಲ್ಲ ಮೇಡಂ ಎನ್ನುವುದು, ಯಾವುದೋ ಊರಿನ ಸಮ್ಮೇಳನಕ್ಕೆ ಹೋಗಿ ಬರುವಾಗ ಒಂದು ಬ್ಯಾಗು, ಒಂದು ನೀರಿನ ಬಾಟಲಿ ಮತ್ತು 'ಸ್ಟೂಡೆಂಟ್ ಅಂಬಾಸಿಡರ್' ಎಂಬ ಯೋಜನೆ ತಂದರು. ನಮ್ಮ ವಿದ್ಯಾರ್ಥಿಗಳಲ್ಲೇ ನಾಲ್ವರನ್ನು ಆರಿಸುವುದು. ಅವರು ಕಡೂರು, ತರೀಕೆರೆ, ಅಜ್ಜಂಪುರದ ಡಿಗ್ರಿ ಕಾಲೇಜುಗಳಿಗೆ ಹೋಗಿ ಈ ಕೋರ್ಸು ಹೇಗಿದೆ ಎಂದು ಅಲ್ಲಿನ ಮಕ್ಕಳಿಗೆ ಹೇಳುವುದು. ಪ್ರವೇಶದ ಕಾಲದಲ್ಲಿ ಬಂದ ಅಪ್ಪ ಅಮ್ಮಂದಿರಿಗೆ ಕ್ಯಾಂಪಸ್ ತೋರಿಸುವುದು, ಫೋನಿಗೆ ಉತ್ತರ ಕೊಡುವುದು. ಯೋಜನೆ ಚೆನ್ನಾಗಿತ್ತು. ಅಧ್ಯಾಪಕರ ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಆಗ ಒಬ್ಬ ಎದ್ದು, "ಮೇಡಂ, ಮಕ್ಕಳಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡು ಅದಕ್ಕೆ ಇಂಗ್ಲಿಷ್ ಹೆಸರಿಡೋದು ಸರಿಯಲ್ಲ. ಸಂಬಳ ಕೊಡಬೇಕು" ಎಂದ. ಯಾರಪ್ಪಾ ಇಷ್ಟು ಧೈರ್ಯವಂತ ಎಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಾಗೆ ಹೇಳಿದವನು ನಾನೇ ಎಂದು ಸಭೆಯ ನಡಾವಳಿ ಪುಸ್ತಕದಲ್ಲಿದೆ, ಆದ್ದರಿಂದ ನಂಬಬೇಕು. ಮೇಡಂ ಸಂತೋಷದಿಂದ ಪೆನ್ನಿನ ಕ್ಯಾಪು ಮುಚ್ಚಿದರು. "ತುಂಬಾ ಒಳ್ಳೇ ಮಾತು. ನಮ್ಮ ಬಜೆಟ್‌ನಲ್ಲಿ ಇದಕ್ಕೆ ಜಾಗ ಇಲ್ಲ. ದಾನಿಗಳನ್ನ ನೀವೇ ಹುಡುಕಿ." ನನ್ನ ಜೀವನದ ಏಕೈಕ ಧೈರ್ಯ ಎರಡು ನಿಮಿಷವೂ ಬಾಳಲಿಲ್ಲ.

ದಾನ ಕೇಳುವುದು ಎಂದರೇನೆಂದು ಕೇಳದವರಿಗೆ ಗೊತ್ತಾಗುವುದಿಲ್ಲ. ಮೊದಲು ತರೀಕೆರೆಯ ಒಬ್ಬ ಅಕ್ಕಿ ಗಿರಣಿ ಯಜಮಾನರ ಹತ್ತಿರ ಹೋದೆ. ನಮ್ಮ ಅಟೆಂಡರ್ ತಿಮ್ಮಯ್ಯ ಜೊತೆಗಿದ್ದ. ದಾನಿಗಳು ಹೊಡೆದರೆ ಸಾಕ್ಷಿಗಿರಲಿ ಎಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದೆ. ಯಜಮಾನರು ಹೊಡೆಯಲಿಲ್ಲ, ಕಾಫಿ ಕೊಟ್ಟರು. ನನ್ನ ಮಾತು ಪೂರ್ತಿ ಕೇಳಿ, "ಹುಡುಗ್ರಿಗೆ ಮಾತಾಡೋಕೆ ದುಡ್ಡು ಕೊಡ್ಬೇಕಾ ಸಾರ್? ನಮ್ಮನೇಲಿ ಮೂರು ಜನ ಅವ್ರೆ. ಸುಮ್ನಿರ್ರಪ್ಪಾ ಅಂತ ನಾನು ದುಡ್ಡು ಕೊಡ್ತಿದೀನಿ" ಎಂದರು. ಹೊರಡುವಾಗ ಗಿರಣಿಯ ಕ್ಯಾಲೆಂಡರೊಂದನ್ನು ಸುತ್ತಿ ಕೈಗಿತ್ತರು. ಇನ್ನೊಬ್ಬರು ತಮ್ಮ ಮಗನಿಗೆ ಸೀಟು ಕೊಡುವುದಾದರೆ ಯೋಚಿಸುತ್ತೇನೆ ಎಂದರು. ಮಗ ಇನ್ನೂ ಏಳನೇ ಕ್ಲಾಸು. ಹೀಗೆ ಅಲೆಯುತ್ತಿರುವಾಗ ತಿಮ್ಮಯ್ಯನೇ ಹೇಳಿದ್ದು, "ಅಜ್ಜಂಪುರದ ಓಂಕಾರಪ್ಪನೋರತ್ರ ಹೋಗಾನ ಬನ್ನಿ ಸಾರ್. ಕೊಟ್ರೆ ಅವ್ರೇ ಕೊಡೋದು. ಆದ್ರೆ ಉಷಾರು, ಕೈ ಜೋರು ಅವ್ರುದ್ದು."

ಓಂಕಾರಪ್ಪನವರಿಗೆ ಎಪ್ಪತ್ತು ದಾಟಿದೆ. ಈಗ ಈರುಳ್ಳಿ ಮಂಡಿ. ಅದಕ್ಕೆ ಮೊದಲು ಅರ್ಧ ಆಯುಸ್ಸು ಎತ್ತಿನ ವ್ಯಾಪಾರ. ಹಣೆಯ ತುಂಬ ವಿಭೂತಿ, ಹೆಗಲಿಗೆ ಒಂದು ಬಿಳಿ ಟವೆಲ್ಲು. ಆ ಟವೆಲ್ಲು ಬೆವರು ಒರೆಸಲಿಕ್ಕಲ್ಲ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲವಂತೆ. ಇಬ್ಬರ ಕೈಗಳ ಮೇಲೆ ಟವೆಲ್ಲು ಹೊದಿಸಿ, ಒಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಎಷ್ಟು ಎಂದು ತಿಳಿಸಬೇಕು. ಸುತ್ತ ನಿಂತವರಿಗೆ ಗೊತ್ತಾಗಬಾರದು. ಒಳಗೆ ಹೇಳಿದ್ದನ್ನು ಹೊರಗೆ ಯಾರೂ ಆಡಬಾರದು, 'ಎಷ್ಟು ಅಂದ್ರಿ' ಎಂದು ಮತ್ತೆ ಕೇಳಲೂಬಾರದು. ಎತ್ತು ಹೋಗಿ ಈರುಳ್ಳಿ ಬಂದರೂ ಓಂಕಾರಪ್ಪನವರು ಆ ಪದ್ಧತಿ ಬಿಟ್ಟಿರಲಿಲ್ಲ. ಮೊಮ್ಮಗಳ ಮದುವೆಗೆ ಕಲ್ಯಾಣ ಮಂಟಪದ ಬಾಡಿಗೆಯನ್ನೂ ಟವೆಲ್ಲಿನೊಳಗೇ ಇಳಿಸಿದರಂತೆ. ಅವರ ಕೈ ಲೆಕ್ಕ ತಪ್ಪಿದ್ದೇ ಇಲ್ಲ ಎಂದು ಮಂಡಿಯವರೆಲ್ಲ ಹೇಳುತ್ತಾರೆ. ಇದನ್ನೆಲ್ಲ ತಿಮ್ಮಯ್ಯ ನನಗೆ ಹೇಳಿದ್ದು ವಾಪಸು ಬರುವಾಗ. ಹೋಗುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ನಿದ್ದೆ ಮಾಡಿದ್ದ.

ನಾನು ಲ್ಯಾಪ್‌ಟಾಪಿನಲ್ಲಿ ಇಪ್ಪತ್ತನಾಲ್ಕು ಸ್ಲೈಡು ಒಯ್ದಿದ್ದೆ. ಈರುಳ್ಳಿ ಚೀಲವೊಂದರ ಮೇಲೆ ಅದನ್ನಿಟ್ಟು ಮೂರನೇ ಸ್ಲೈಡಿಗೆ ಬರುವಷ್ಟರಲ್ಲಿ ಓಂಕಾರಪ್ಪನವರು ಕೈ ಎತ್ತಿದರು.

"ಮೇಷ್ಟ್ರೇ, ಅದು ಮುಚ್ಚಿ. ಬಾಯಲ್ಲೇ ಹೇಳಿ. ಮಕ್ಳು ಕೆಲ್ಸ ಮಾಡ್ತಾವಾ?"

"ಮಾಡ್ತಾರೆ ಯಜಮಾನ್ರೇ."

"ಓದ್ಕಂಡೇ ಮಾಡ್ತಾವಾ?"

"ಓದ್ಕೊಂಡೇ."

"ಎಷ್ಟು ಜನ?"

"ನಾಲ್ಕು ಜನ."

"ಹಂಗಾರೆ ಒಬ್ಬೊಬ್ರಿಗೆ, ತಿಂಗ್ಳಿಗೆ, ಸಾವಿರದ ಲೆಕ್ಕದಲ್ಲಿ. ಬನ್ನಿ" ಎಂದವರೇ ಹೆಗಲಿನ ಟವೆಲ್ಲನ್ನು ಕೊಡವಿ ನನ್ನ ಬಲಗೈ ಮೇಲೆ ಎಸೆದು, ಕೆಳಗೆ ತಮ್ಮ ಕೈ ತೂರಿಸಿದರು.

ಇಲ್ಲಿಂದ ಮುಂದಿನದು ನನ್ನ ನೆನಪು, ಆದ್ದರಿಂದ ಓದುಗರು ಎಚ್ಚರದಿಂದಿರಬೇಕು. ಒಂದು ದೊಡ್ಡ, ಒರಟಾದ, ಬಿಸಿಯಾದ ಕೈ. ಸುತ್ತ ಹತ್ತು ಹನ್ನೆರಡು ಜನ ಹಮಾಲರು, ರೈತರು, ಎಲ್ಲರೂ ತಟ್ಟನೆ ಮಾತು ನಿಲ್ಲಿಸಿದರು. ಓಂಕಾರಪ್ಪನವರು ನನ್ನ ಮುಖವನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಏನೂ ಇರಲಿಲ್ಲ, ಗೋಡೆಯ ಮುಖದಲ್ಲಿ ಇರುತ್ತದಲ್ಲ ಅಷ್ಟೇ. ಚೌಕಾಸಿಯ ಕಲೆಯ ಐದು ಸೂತ್ರಗಳಲ್ಲಿ ಒಂದೂ ನೆನಪಾಗಲಿಲ್ಲ. ಈ ಮನುಷ್ಯ ನನ್ನ ಕೈ ಮುರಿಯುತ್ತಾರೆ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಅಂಗೈ ಬೆವರಿತು. ಒಳಗೆ ಏನೋ ಏನನ್ನೋ ಬಿಗಿಯಾಗಿ ಹಿಡಿಯಿತು. ಅವರು ನನ್ನನ್ನೋ, ನಾನು ಅವರನ್ನೋ, ಎಷ್ಟು ಬೆರಳೋ, ದೇವರಾಣೆ ಗೊತ್ತಿಲ್ಲ. ಓಂಕಾರಪ್ಪನವರು "ಹ್ಞೂಂ" ಎಂದು ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, "ಹೋಗ್ಬನ್ನಿ ಮೇಷ್ಟ್ರೇ" ಎಂದು ಮುಂದಿನ ಈರುಳ್ಳಿ ರಾಶಿಯತ್ತ ತಿರುಗಿದರು. ಮುಗಿಯಿತು. ಏನು ಮುಗಿಯಿತು?

ಬೀರೂರು ಬರುವವರೆಗೂ ತಡೆದುಕೊಂಡು, ಆಮೇಲೆ ತಿಮ್ಮಯ್ಯನನ್ನು ಕೇಳಿದೆ. "ತಿಮ್ಮಯ್ಯ, ಎಷ್ಟು ಬೆರಳು ಅಂತ ನಿನಗೇನಾದ್ರೂ ಗೊತ್ತಾಯ್ತಾ?"

"ನಂಗೆಂಗೆ ಗೊತ್ತಾಯ್ತದೆ ಸಾರ್, ಟವೆಲ್ ಒಳಗೆ ನಾನಿದ್ನಾ?"

"ಒಪ್ಪಿದರೋ ಇಲ್ಲವೋ?"

"ಅದೂ ಒಳ್ಗೇ ಇರ್ತದೆ. ಯಾಕೆ, ನಿಮ್ಗೆ ಗೊತ್ತಾಗ್ಲಿಲ್ವಾ?" ಎಂದು ನನ್ನನ್ನು ಎಂಥ ಕರುಣೆಯಿಂದ ನೋಡಿದ ಎಂದರೆ, "ಗೊತ್ತಾಯ್ತು, ಗೊತ್ತಾಯ್ತು, ಸುಮ್ನೆ ನಿನ್ನ ಪರೀಕ್ಷೆ ಮಾಡಿದೆ" ಎಂದುಬಿಟ್ಟೆ. ಅದು ಮೊದಲನೆಯ ಸುಳ್ಳು. ಎರಡನೆಯದು ಮರುದಿನ ಬೆಳಿಗ್ಗೆ. ಮೇಡಂ, "ಏನಾಯ್ತು, ಎಷ್ಟು ಕೊಡ್ತಾರಂತೆ?" ಎಂದು ಕೇಳಿದಾಗ ನನ್ನ ಬಾಯಿ 'ಐದು' ಎಂದಿತು. ಏಕೆ ಐದು ಎಂದಿತೋ ತಿಳಿಯದು. ಕೈಗೆ ಐದು ಬೆರಳು, ಅದಕ್ಕಿರಬಹುದು. ಮಧ್ಯಾಹ್ನದೊಳಗೆ ನೋಟಿಸ್ ಬೋರ್ಡಿನ ಮೇಲೆ ಕಾಗದ ಬಿದ್ದಿತು: ನಾಲ್ವರು ಅಂಬಾಸಿಡರ್‌ಗಳಿಗೆ ತಿಂಗಳಿಗೆ ತಲಾ ಐದು ಸಾವಿರ ರೂಪಾಯಿ ಗೌರವಧನ. ಕೆಳಗೆ ಸಂಯೋಜಕರು ಎಂದು ನನ್ನ ಹೆಸರು.

ಇದು ಬರೀ ನನ್ನ ಮರ್ಯಾದೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ನನ್ನ ಮರ್ಯಾದೆಗೆ ಹೋಗಿ ಬಂದು ಅಭ್ಯಾಸವಿದೆ. ಆದರೆ ಆ ನಾಲ್ವರಲ್ಲಿ ಭಾಗ್ಯ ಎಂಬ ಹುಡುಗಿಯಿದ್ದಳು, ದೇವನೂರು ಕಡೆಯವಳು. ಕಡೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ದಿನಾ ಸಂಜೆ ಟೈಪಿಂಗ್ ಮಾಡಿ ಹಾಸ್ಟೆಲ್ ಖರ್ಚು ನೋಡಿಕೊಳ್ಳುತ್ತಿದ್ದಳು. ನೋಟಿಸ್ ಬಿದ್ದ ಮೂರನೇ ದಿನ ನನ್ನ ಕೊಠಡಿಗೆ ಬಂದು, "ಸಾರ್, ಅಂಗಡಿ ಬಿಟ್ಬಿಟ್ಟೆ. ಎರಡೂ ಕಡೆ ಆಗಲ್ಲ ಅಂದ್ರು ಅಂಗಡಿಯೋರು. ಬೇರೆಯೋರ್ನ ಸೇರಿಸ್ಕೊಂಡ್ರು. ಈ ಸೆಮಿಸ್ಟರ್ ಹಾಸ್ಟೆಲ್‌ಗೆ ಇದನ್ನೇ ನಂಬ್ಕೊಂಡಿದೀನಿ" ಎಂದು ನಗುತ್ತಾ ಹೇಳಿದಳು. ಥ್ಯಾಂಕ್ಸ್ ಬೇರೆ ಹೇಳಿದಳು. ಅವಳು ಹೋದ ಮೇಲೆ ನಾನು ಮೇಜು ಹಿಡಿದುಕೊಂಡು ಕೂತೆ. ಒಂದು ಬೆರಳಾಗಿದ್ದರೆ? ಬೆರಳೇ ಇಲ್ಲದಿದ್ದರೆ? ಆ 'ಹ್ಞೂಂ' ಎಂಬುದು ಒಪ್ಪಿಗೆಯಲ್ಲದೆ, ಮೇಷ್ಟರ ಕೈ ಬೆವರಿದ್ದಕ್ಕೆ ಬಂದ ಅಸಹ್ಯವಾಗಿದ್ದರೆ?

ಅಂದಿನಿಂದ ನನಗೆ ಎಲ್ಲದರ ಭಯ ಶುರುವಾಯಿತು. ಫೋನ್ ಬಂದರೆ ಓಂಕಾರಪ್ಪನವರು 'ಯಾವ ದುಡ್ಡು?' ಎನ್ನಲು ಮಾಡಿರಬಹುದೆಂಬ ಭಯ. ಬರದಿದ್ದರೆ ಅವರು ಮರೆತೇಬಿಟ್ಟರೆಂಬ ಭಯ. ಮೇಡಂ "ಒಂದ್ನಿಮಿಷ ಬನ್ನಿ" ಎಂದರೆ ಭಯ. ಭಾಗ್ಯ ಕಾರಿಡಾರಿನ ಆ ತುದಿಯಲ್ಲಿ ಕಂಡರೆ ನಾನು ಈ ತುದಿಯ ಹೆಂಗಸರ ವಿಶ್ರಾಂತಿ ಕೊಠಡಿಗೆ ನುಗ್ಗಿ, ಅಲ್ಲಿಂದ ಇನ್ನೊಂದು ಬಗೆಯ ಭಯದಿಂದ ಹೊರಬಂದದ್ದೂ ಉಂಟು. ತಿಂಗಳು ಮುಗಿಯುತ್ತ ಬಂತು. ಅಜ್ಜಂಪುರದಿಂದ ಒಂದು ಕಾಗದವಿಲ್ಲ, ಚೆಕ್ಕಿಲ್ಲ, ಸುದ್ದಿಯಿಲ್ಲ.

ಮನೆಯಲ್ಲಿ ಹೆಂಡತಿ ಗಿರಿಜೆ ನಾನು ಸಾರಿಗೆ ಮಜ್ಜಿಗೆ ಸುರಿದುಕೊಂಡ ದಿನ ಬಾಯಿ ಬಿಡಿಸಿದಳು. ಎಲ್ಲ ಕೇಳಿ, "ಒಂದು ಫೋನ್ ಮಾಡಿ ಕೇಳೋಕೇನ್ರೀ ನಿಮ್ಗೆ?" ಎಂದಳು.

"ಏನಂತ ಕೇಳ್ಲಿ ಕಣೇ? ನೀವು ನನ್ನ ಎಷ್ಟು ಬೆರಳು ಹಿಡಿದ್ರಿ ಅಂತ ಕೇಳ್ಲಾ? ಟವೆಲ್ಲಿನೊಳಗಿನ ಮಾತು ಹೊರಗೆ ಕೇಳಬಾರದಂತೆ."

"ಅಯ್ಯೋ, ಅದು ನಂಗೊತ್ತಿಲ್ವಾ? ನಮ್ಮಪ್ಪ ಎತ್ತು ಮಾರೋವಾಗ ಟವೆಲ್ ತಂದ್ಕೊಡ್ತಿದ್ದೋಳೇ ನಾನು" ಎಂದು ಅಡುಗೆಮನೆಯ ಮಸಿಬಟ್ಟೆ ತಂದಳು. ತರೀಕೆರೆ ತಾಲ್ಲೂಕಿನ ಹುಡುಗಿಯನ್ನು ಮದುವೆಯಾಗಿ ಹದಿನೆಂಟು ವರ್ಷವಾದರೂ ಅವಳಿಗೆ ಈ ವಿದ್ಯೆ ಇದೆಯೆಂದು ನನಗೆ ತಿಳಿದಿರಲಿಲ್ಲ. "ಕೈ ಪೂರ್ತಿ ಹಿಡಿದ್ರೆ ಐದು. ಕಿರುಬೆರಳು ಒಂದು ಹೊರಗೆ ಬಿಟ್ಟು ಮಿಕ್ಕಿದ್ದು ಹಿಡಿದ್ರೆ ನಾಲ್ಕು. ಮೂರು, ಎರಡು, ಒಂದು ನೀವೇ ಲೆಕ್ಕ ಹಾಕ್ಕೊಳ್ಳಿ. ಈಗ ಹೇಳಿ, ಇದೆಷ್ಟು?" ಎಂದು ಬಟ್ಟೆಯೊಳಗೆ ನನ್ನ ಬೆರಳು ಹಿಡಿದಳು. ನಾನು ಕಣ್ಣು ಮುಚ್ಚಿ ಯೋಚಿಸಿ ನಾಲ್ಕು ಎಂದೆ. ಎರಡಂತೆ. ಮುಂದಿನದಕ್ಕೆ ಮೂರು ಎಂದೆ. ಐದಂತೆ. ವೈಜ್ಞಾನಿಕವಾಗಿ ಇರಲಿ ಎಂದು ಹತ್ತು ಸಲ ಮಾಡಿಸಿದೆ. ಎರಡು ಸರಿಯಾದವು, ಅವೂ ಅದೃಷ್ಟದಿಂದ. ಹನ್ನೊಂದನೆಯ ಸಲ ಅವಳು ಏನನ್ನೋ ಹಿಡಿದು, ಹುಬ್ಬು ಹಾರಿಸಿ ಕೇಳಿದಳು. ನಾನು ಸುಸ್ತಾಗಿ "ಆಯ್ತು" ಎಂದೆ. "ಆಯ್ತಲ್ಲ? ಮೂರು ದಿನ ಕೆಮ್ಮಣ್ಣುಗುಂಡಿಗೆ, ನಮ್ಮಕ್ಕನ ಮನೆಯೋರ್ನೂ ಕರ್ಕೊಂಡು. ಮಾತು ಅಂದ್ರೆ ಮಾತು" ಎಂದು ಮಸಿಬಟ್ಟೆ ಮಡಚಿಟ್ಟಳು.

ಈ ನಡುವೆ ಭಾಗ್ಯ ತರೀಕೆರೆಯ ಒಂದು ಕಾಲೇಜಿನಲ್ಲಿ ಮಾತನಾಡಿದಳು. ಸಂಯೋಜಕನಾದ್ದರಿಂದ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇಂಥ ಭಾಷಣದಲ್ಲಿ ಹೇಳಬೇಕಾದ ಒಳ್ಳೆಯ ಮಾತುಗಳನ್ನು ನಾನೇ ಬರೆದುಕೊಟ್ಟಿದ್ದೆ. ಅವಳು ಆ ಹಾಳೆಯನ್ನು ಮಡಚಿ ಇಟ್ಟು, "ಕೋರ್ಸು ಕಷ್ಟ ಇದೆ ಕಣ್ರೀ, ಸುಳ್ಳು ಹೇಳಲ್ಲ. ಲೈಬ್ರರಿ ಚೆನ್ನಾಗಿದೆ. ಹಾಸ್ಟೆಲ್ ಸಾರು ಚೆನ್ನಾಗಿಲ್ಲ. ಒಬ್ರು ಸಾರ್ ಇದಾರೆ, ಹೇಳಿದ್ದನ್ನೇ ಮೂರು ಸಲ ಹೇಳ್ತಾರೆ, ಹೇಳಿದೀನಾ ಇಲ್ವಾ ಅಂತ ಅವ್ರಿಗೇ ಅನುಮಾನ. ಆದ್ರೆ ಪರೀಕ್ಷೇಲಿ ಅದೊಂದೇ ನೆನಪಿರೋದು" ಎಂದಳು. ಮಕ್ಕಳು ನಕ್ಕರು. ಯಾರಪ್ಪಾ ಆ ಸಾರ್ ಎಂದು ನಾನೂ ನಕ್ಕೆ. ಸ್ವಲ್ಪ ಹೊತ್ತಿನ ಮೇಲೆ ನಗು ನಿಂತಿತು. ಅವತ್ತು ಹದಿನೇಳು ಹುಡುಗಿಯರು ಅವಳ ನಂಬರು ಬರೆದುಕೊಂಡರು. ಇವಳು ಸಂಬಳಕ್ಕೆ ಯೋಗ್ಯಳು ಎಂಬ ಹೆಮ್ಮೆಯೂ, ಆ ಸಂಬಳ ಎಲ್ಲಿದೆ ಎಂಬ ಭಯವೂ ಒಟ್ಟಿಗೇ ಬಂದವು.

ಕೊನೆಗೆ ಮೇಡಂ ಅವರೇ ಗಂಟು ಬಿಗಿಸಿದರು. "ದಾನಿಗಳಿಗೆ ಒಂದು ಅಭಿನಂದನಾ ಪತ್ರ ಕೊಟ್ಟು ಬನ್ನಿ. ಒಬ್ಬ ಅಂಬಾಸಿಡರ್‌ನ ಕರ್ಕೊಂಡು ಹೋಗಿ, ಚೆನ್ನಾಗಿರುತ್ತೆ." ಅಭಿನಂದನಾ ಪತ್ರಕ್ಕೆ ಚೌಕಟ್ಟು ಹಾಕಿಸಿದ್ದರು. ಕೊಡದ ದಾನಕ್ಕೆ ಚೌಕಟ್ಟಿನ ಅಭಿನಂದನೆ ಹೊತ್ತುಕೊಂಡು, ಪಕ್ಕದಲ್ಲಿ ಭಾಗ್ಯ, ಹಿಂದಿನ ಸೀಟಿನಲ್ಲಿ ತಿಮ್ಮಯ್ಯ, ನಾನು ಅಜ್ಜಂಪುರದ ಬಸ್ಸಿನಲ್ಲಿ ಕೂತೆ. ಬಸ್ಸು ಕೆಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನನಗೆ ದೇವರಲ್ಲಿ ನಂಬಿಕೆಯಿಲ್ಲ, ಅದಕ್ಕೇ ಇರಬೇಕು, ಬಸ್ಸು ಹತ್ತು ನಿಮಿಷ ಮೊದಲೇ ತಲುಪಿತು.

ಓಂಕಾರಪ್ಪನವರು ಅದೇ ಜಾಗದಲ್ಲಿ, ಅದೇ ಟವೆಲ್ಲಿನೊಂದಿಗೆ ಕೂತಿದ್ದರು. ಚೌಕಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಿರುಗಿಸಿ ನೋಡಿ, ಈರುಳ್ಳಿ ಚೀಲಕ್ಕೆ ಒರಗಿಸಿಟ್ಟರು. ಟೀ ತರಿಸಿದರು. ಮಳೆ, ರೇಟು, ಈರುಳ್ಳಿ ಕೊಳೆತದ್ದು ಎಲ್ಲ ಮಾತಾಡಿದರು. ದುಡ್ಡಿನ ಮಾತು ಬರಲೇ ಇಲ್ಲ. ಆಗ ಭಾಗ್ಯ ಲೋಟ ಕೆಳಗಿಟ್ಟು, ನಾನು ತಡೆಯುವ ಮೊದಲೇ, ಸ್ಪಷ್ಟವಾಗಿ, ಮಂಡಿಗೆಲ್ಲ ಕೇಳುವಂತೆ ಕೇಳಿದಳು:

"ಯಜಮಾನ್ರೇ, ತಿಂಗ್ಳಾಯ್ತು. ಸಾರ್ ಐದು ಅಂತ ಹೇಳಿದ್ರು. ಅದನ್ನ ನಂಬ್ಕೊಂಡು ನಾನು ಅಂಗಡಿ ಕೆಲ್ಸ ಬಿಟ್ಟಿದೀನಿ. ಯಾವಾಗ ಕೊಡ್ತೀರಾ?"

ಮಂಡಿಯಲ್ಲಿ ತಕ್ಕಡಿ ನಿಂತಿತು. ಟವೆಲ್ಲಿನೊಳಗಿನ ಸಂಖ್ಯೆ ಹಾಡಹಗಲಲ್ಲಿ ಹೊರಬಿದ್ದಿತ್ತು. ಹಮಾಲನೊಬ್ಬ ಹೆಗಲ ಮೇಲಿನ ಚೀಲದ ಸಮೇತ ಹಾಗೇ ನಿಂತ. ತಿಮ್ಮಯ್ಯ ನನ್ನಿಂದ ಎರಡು ಹೆಜ್ಜೆ ದೂರ ಸರಿದದ್ದನ್ನು ನಾನು ಕಣ್ಣಂಚಿನಲ್ಲಿ ಕಂಡೆ; ಸಾಕ್ಷಿಗೆಂದು ಕರೆತಂದವನು. ಓಂಕಾರಪ್ಪನವರು ಹುಡುಗಿಯನ್ನು ನೋಡಿದರು. ಆಮೇಲೆ ನನ್ನನ್ನು. ಮುಖವನ್ನಲ್ಲ, ಟೀ ಲೋಟ ಹಿಡಿದ ನನ್ನ ಬಲಗೈಯನ್ನು, ಎತ್ತು ಕೊಳ್ಳುವವರು ಹಲ್ಲು ನೋಡುವಷ್ಟು ನಿಧಾನವಾಗಿ ನೋಡಿದರು.

"ಐದು ಅಂದ್ರಾ ಮೇಷ್ಟ್ರು?"

"ಹೌದು ಯಜಮಾನ್ರೇ. ನೋಟಿಸ್ ಬೋರ್ಡಲ್ಲೂ ಹಾಕಿದಾರೆ" ಎಂದಳು ಭಾಗ್ಯ.

ಅವರು ಹೆಗಲಿನ ಟವೆಲ್ಲು ತೆಗೆದು, ಮಡಚಿ, ಮತ್ತೆ ಹೆಗಲಿಗೇ ಹಾಕಿಕೊಂಡರು. "ಹೌದು ಕಣವ್ವ" ಎಂದರು ಕೊನೆಗೆ. "ಐದೇ ಹಿಡಿದಿದ್ರು ನಿಮ್ ಮೇಷ್ಟ್ರು. ನಾನು ಕೈ ಕೊಡೋದಷ್ಟೇ, ಕೇಳೋರು ಹಿಡೀಬೇಕು. ಹಿಡಿದ್ರು ನೋಡು, ಬಿಗಿ ಹಿಡಿತ. ನಾನು ಒಪ್ಕಂಡೆ. ಅಲ್ಲಾ ಮೇಷ್ಟ್ರೇ, ವ್ಯಾಪಾರ ಆದ್ಮೇಲೆ ಎತ್ತು ಹೊಡ್ಕಂಡು ಹೋಗೋಕೆ ನೀವು ಬರ್ಬೇಕೋ, ನಾನೇ ನಿಮ್ಮನೆ ಬಾಗ್ಲಿಗೆ ತಂದು ಕಟ್ಬೇಕೋ? ತಿಂಗ್ಳಿಂದ ಕಾಯ್ತಾ ಕೂತಿದೀನಿ, ಈ ಯಪ್ಪ ಬರಂಗೇ ಇಲ್ಲ. ಎಂಥ ಗಟ್ಟಿ ಕುಳ ಅನ್ಕಂಡೆ!"

ಮಂಡಿ ನಕ್ಕಿತು. ತಕ್ಕಡಿ ಮತ್ತೆ ಆಡಿತು. ಗುಮಾಸ್ತ ಚೆಕ್ ಪುಸ್ತಕ ತಂದ. ವರ್ಷದ ದುಡ್ಡನ್ನು ಎರಡು ಕಂತಿನಲ್ಲಿ ಕೊಡುವುದೆಂದು, ಮೊದಲ ಕಂತು ಅಲ್ಲೇ ಬರೆದುಕೊಟ್ಟರು. ಭಾಗ್ಯಳಿಗೆ, "ಓದದು ಬಿಡ್ಬ್ಯಾಡ ಮತ್ತೆ. ಇಂಗೇ ಬಾಯಿ ಬಿಟ್ಟು ಕೇಳು ಎಲ್ಲಾ ಕಡೆ" ಎಂದರು. ಅವರ ಜೀವಮಾನದ ಪದ್ಧತಿಗೆ ತದ್ವಿರುದ್ಧವಾದ ಬುದ್ಧಿಮಾತು.

ವಾಪಸು ಬರುವಾಗ ನನ್ನ ಖುಷಿಯನ್ನು ಏನೆಂದು ಹೇಳಲಿ? ದುಡ್ಡು ಸಿಕ್ಕಿದ್ದು ಒಂದು. ಅದಕ್ಕಿಂತ ಹೆಚ್ಚಾಗಿ, ನನ್ನ ನೆನಪು ಸರಿಯಾಗಿತ್ತು. ಐದು ಎಂದೆ, ಐದೇ ಆಗಿತ್ತು! ಎಷ್ಟೋ ವರ್ಷಗಳ ನಂತರ ನನ್ನ ತಲೆಯ ಮೇಲೆ ನನಗೆ ಗೌರವ ಬಂತು. ಬಿಗಿ ಹಿಡಿತ ಎಂದರಲ್ಲ, ಆ ಮಾತನ್ನು ಬಸ್ಸಿನಲ್ಲಿ ತಿಮ್ಮಯ್ಯನಿಗೆ ಮೂರು ಸಲ ನೆನಪಿಸಿದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಿರಿಜೆಗೆ ಹೇಳಿದೆ: "ನೋಡೇ, ಹಿಡಿದವನು ನಾನು. ಕೈ ಪೂರ್ತಿ ಹಿಡಿದಿದ್ದೆನಂತೆ. ಐದಕ್ಕೆ ಐದು!"

ಅವಳು ನನ್ನ ಮುಖ ನೋಡಿದಳು. ಆಮೇಲೆ, ಓಂಕಾರಪ್ಪನವರು ನೋಡಿದ ಹಾಗೆಯೇ, ಕೈ ನೋಡಿದಳು. ಒಳಗೆ ಹೋಗಿ ಮಸಿಬಟ್ಟೆ ತಂದು ಹೊದಿಸಿ, ತನ್ನ ಕೈ ಚಾಚಿ, "ಹಿಡೀರಿ ಮತ್ತೆ" ಎಂದಳು. ಹಿಡಿದೆ. "ಇನ್ನೂ ಬಿಗಿಯಾಗಿ." ಹಲ್ಲು ಕಚ್ಚಿ ಹಿಡಿದೆ. ಅವಳು ಬಟ್ಟೆ ಎಳೆದಳು. ನನ್ನ ಮುಷ್ಟಿಯೊಳಗೆ ಅವಳ ಬೆರಳುಗಳಿದ್ದವು; ನನ್ನ ಆಂಟೆನಾ ನೆಟ್ಟಗೆ ನಿಂತು ಸಿಗ್ನಲ್ ಹುಡುಕುತ್ತಿತ್ತು; ಅದರ ಪಕ್ಕದ ಖಾಲಿ ಜಾಗದಲ್ಲಿ ಅವಳ ಕಿರುಬೆರಳು ಹೊರಗೆ ಉಳಿದು, ಆರಾಮಾಗಿ ನನ್ನತ್ತ ಅಲ್ಲಾಡುತ್ತಿತ್ತು.

ಹಾಗಾದರೆ ಅವತ್ತು ಒಳಗೆ ನಡೆದದ್ದೇನು? ಲೆಕ್ಕ ತಪ್ಪದ ಆ ಕೈ ನಾಲ್ಕನ್ನು ಐದೆಂದು ತಪ್ಪಾಗಿ ನೆನಪಿಟ್ಟಿತೋ, ಅಥವಾ ಒಂದು ಹುಡುಗಿಯ ಹಾಸ್ಟೆಲ್ ಖರ್ಚಿಗೂ ಒಬ್ಬ ಮೇಷ್ಟರ ಮುಖಕ್ಕೂ ಸೇರಿಸಿ, ತುಂಬಿದ ಮಂಡಿಯಲ್ಲಿ, ಮುಖದಲ್ಲಿ ಏನೂ ತೋರಿಸದೆ ಇನ್ನೊಂದು ಬೆರಳು ಕೊಟ್ಟಿತೋ? ಹೋಗಿ ಕೇಳಬೇಕು ಎಂದುಕೊಳ್ಳುತ್ತೇನೆ. ಟವೆಲ್ಲಿನ ಮಾತು ಕೇಳಬಾರದಲ್ಲ ಎಂದು ಸುಮ್ಮನಾಗುತ್ತೇನೆ; ನಿಜ ಹೇಳಬೇಕೆಂದರೆ, ಧೈರ್ಯ ಸಾಲದು. ಎರಡನೇ ಕಂತು ಬರುವುದು ಇನ್ನೂ ಬಾಕಿಯಿದೆ. ಆದರೆ ಸಂಶೋಧಕನಾದವನು ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದೆಂದು, ಕೆಮ್ಮಣ್ಣುಗುಂಡಿಯಲ್ಲಿ ಷಡ್ಡಕನ ಕೈಯನ್ನೂ, ಸೋಮವಾರ ತಿಮ್ಮಯ್ಯನ ಕೈಯನ್ನೂ, ಕಾರಣ ಹೇಳದೆ ಟವೆಲ್ಲಿನೊಳಗೆ ಹಿಡಿದು ನೋಡಿದೆ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಯಾರ ಕೈಯನ್ನು ಎಷ್ಟೇ ಬಿಗಿಯಾಗಿ ಹಿಡಿದರೂ, ನನ್ನ ಬಲಗೈಗೆ ಐದು ಹಿಡಿಯಲು ಬರುವುದಿಲ್ಲ.